ಬೆನ್ನು ನೇರ ಮಾಡುವ ಮೊದಲು ಉಸಿರು ಬಿಡುವುದನ್ನು ಕಲಿಸಿ

ಪ್ರಶ್ನೆ: ನನ್ನ ಮಗಳಿಗೆ 14 ವರ್ಷ. ಎಂಟನೇ ವಯಸ್ಸಿನಿಂದ ಈಜುತ್ತಿದ್ದಾಳೆ. 200 ಮತ್ತು 400 ಮೀಟರ್ ಫ್ರೀಸ್ಟೈಲ್ ಅವಳ ಸ್ಪರ್ಧೆಗಳು. ವಾರಕ್ಕೆ ಆರು ದಿನ ಅಭ್ಯಾಸ, ದಿನಕ್ಕೆ ಸುಮಾರು 5 ಕಿ.ಮೀ. ಇತ್ತೀಚೆಗೆ ಭುಜ ಮುಂದಕ್ಕೆ ಬಾಗಿದೆ, ಕತ್ತು ಮುಂದೆ ಚಾಚಿ ನಡೆಯುತ್ತಾಳೆ. ಕೋಚ್ ದಿನಾ 'ನೆಟ್ಟಗೆ ನಿಲ್ಲು' ಅನ್ನುತ್ತಾರೆ. ಉಸಿರು ಯಾವಾಗಲೂ ಬಲಗಡೆಗೇ ತೆಗೆದುಕೊಳ್ಳುತ್ತಾಳೆ, ಆದರೆ ನೋವು ಎಡಭುಜದಲ್ಲಿ. ಕೊನೆಯ 50 ಮೀಟರ್‌ನಲ್ಲಿ ಉಸಿರು ಸಾಲುವುದಿಲ್ಲ ಅನ್ನುತ್ತಾಳೆ. ಭುಜ ಹಿಂದಕ್ಕೆ ಎಳೆಯುವ ಬೆಲ್ಟ್ ಕೊಡಿಸಲೇ? ಪ್ರಾಣಾಯಾಮ ಮಾಡಿದರೆ ಉಸಿರು ಹೆಚ್ಚುತ್ತದಾ? ರಾಜ್ಯಮಟ್ಟದ ಮೀಟ್‌ಗೆ ಎರಡು ತಿಂಗಳಿದೆ.
— ಒಬ್ಬ ತಾಯಿ, ಮೈಸೂರು

ಉತ್ತರ: ಬೆಲ್ಟ್ ಬೇಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಫೋನಿನಲ್ಲಿ ಎರಡು ಸಲ ಒತ್ತಿದರೆ ಅದು ಮನೆಗೆ ಬಂದುಬಿಡುತ್ತದೆ. ಹಾಕಿಕೊಂಡಷ್ಟು ಹೊತ್ತು ಭುಜ ಹಿಂದೆ ಇರುತ್ತದೆ, ಬಿಚ್ಚಿದ ಮೇಲೆ ಮತ್ತೆ ಮುಂದೆ ಬರುತ್ತದೆ. ಬಿಗಿಯಾಗಿ ಕಟ್ಟಿದರೆ ಪಕ್ಕೆಲುಬು ಅರಳುವುದಕ್ಕೆ ಜಾಗವೂ ಕಮ್ಮಿ. ನಿಮ್ಮ ಮಗಳಿಗೆ ಬೇಕಾಗಿರುವುದು ಇದರ ಉಲ್ಟಾ.

ನೀವು ಮೂರು ತೊಂದರೆ ಬರೆದಿದ್ದೀರಿ. ಬಾಗಿದ ಭುಜ, ಎಡಗಡೆ ನೋವು, ಕೊನೆಯಲ್ಲಿ ಸಾಲದ ಉಸಿರು. ಈಜುಗಾರರನ್ನು ನೋಡುವ ಫಿಸಿಯೋಥೆರಪಿಸ್ಟ್ ಆಗಿ ನನಗೆ ಈ ಮೂರೂ ಒಂದಕ್ಕೊಂದು ಹೆಣೆದುಕೊಂಡಂತೆ ಕಾಣುತ್ತವೆ. ಹುಡುಗಿ ನೀರಿನೊಳಗೆ ಉಸಿರನ್ನು ಪೂರ್ತಿ ಹೊರಗೆ ಬಿಡುತ್ತಿಲ್ಲ ಅನ್ನುವುದು ನನ್ನ ಮೊದಲ ಅನುಮಾನ. ಮೈ ಮುಟ್ಟಿ ನೋಡದೆ ಖಚಿತವಾಗಿ ಹೇಳುವುದು ಸರಿಯಲ್ಲ. ಹಾಗಾಗಿ ನೀವೇ ಮನೆಯಲ್ಲಿ ನೋಡಬಹುದಾದ ಪರೀಕ್ಷೆಗಳನ್ನೂ ಮುಂದೆ ಬರೆದಿದ್ದೇನೆ.

ಭುಜ ಸ್ವಲ್ಪ ಮುಂದೆ ಬಂದಿರುವುದು ಕಾಯಿಲೆ ಅಲ್ಲ. ಯಾವ ಪೂಲ್‌ಗೆ ಹೋಗಿ ನೋಡಿ, ಒಳ್ಳೆಯ ಈಜುಗಾರರಲ್ಲಿ ಎಷ್ಟೋ ಜನ ಹೀಗೇ ನಿಂತಿರುತ್ತಾರೆ. ನೀರನ್ನು ಹಿಂದಕ್ಕೆ ತಳ್ಳುವ ಕೆಲಸದಲ್ಲಿ ದೊಡ್ಡ ಪಾಲು ಎದೆಯ ಸ್ನಾಯುಗಳದ್ದು ಮತ್ತು ಕಂಕುಳ ಹಿಂದಿನಿಂದ ಸೊಂಟದವರೆಗೆ ಹರಡಿರುವ ಲ್ಯಾಟ್ ಸ್ನಾಯುಗಳದ್ದು. ಇವೆರಡೂ ತೋಳನ್ನು ಒಳಕ್ಕೆ ತಿರುಗಿಸುತ್ತವೆ. ವರ್ಷಗಟ್ಟಲೆ ಇವು ಮಾತ್ರ ಬಲಿತರೆ ಭುಜ ಮುಂದೆ ಬಾರದೆ ಇರುತ್ತದಾ? ಜೊತೆಗೆ ಶಾಲೆಯ ಡೆಸ್ಕ್, ಭಾರದ ಬ್ಯಾಗು, ಫೋನು. ಈ ವಯಸ್ಸಿನ ಹುಡುಗಿಯರಲ್ಲಿ ಇನ್ನೊಂದು ಕಾರಣವೂ ಇದೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬೆಳೆಯುವ ವಯಸ್ಸಿನ ಸಂಕೋಚಕ್ಕೆ ಭುಜ ಮುದುರಿಕೊಳ್ಳುತ್ತಾರೆ. ಅಂಥ ಮಗುವಿಗೆ ಎಲ್ಲರೆದುರು 'ನೆಟ್ಟಗೆ ನಿಲ್ಲು' ಎಂದರೆ ಇನ್ನಷ್ಟು ಮುದುರಿಕೊಳ್ಳುತ್ತಾಳೆ. ಕೋಚ್‌ಗೆ ಇದನ್ನು ನೀವೇ ಮೆಲ್ಲಗೆ ಹೇಳಿ.

ನೋವಿನ ವಿಷಯದಲ್ಲಿ ನಿಂತುಕೊಳ್ಳುವ ರೀತಿಗಿಂತ ಈಜುವ ಲೆಕ್ಕ ಮುಖ್ಯ. 50 ಮೀಟರ್‌ಗೆ 40 ಸ್ಟ್ರೋಕ್ ಅಂತ ಇಟ್ಟುಕೊಳ್ಳಿ. 5 ಕಿ.ಮೀ. ಅಂದರೆ 50 ಮೀಟರ್‌ನ 100 ಲ್ಯಾಪ್, 4000 ಸ್ಟ್ರೋಕ್. ಒಂದೊಂದು ಕೈಗೆ 2000. ವಾರಕ್ಕೆ 12,000 ಸಲ ಒಂದೇ ಕೀಲು ತಲೆಯ ಮೇಲೆ ಹೋಗಿ ಬರುತ್ತದೆ. ಎರಡು ಸ್ಟ್ರೋಕಿಗೊಮ್ಮೆ ಬಲಕ್ಕೇ ಉಸಿರು ತೆಗೆದುಕೊಂಡರೆ ಕತ್ತು ಕೂಡ ಅಷ್ಟೇ ಸಲ ಬಲಕ್ಕೇ ತಿರುಗುತ್ತದೆ. ಇಷ್ಟು ಸಲ ಆಗುವ ಕೆಲಸದಲ್ಲಿ ಸಣ್ಣ ತಪ್ಪೂ ಸಣ್ಣದಾಗಿ ಉಳಿಯುವುದಿಲ್ಲ. 1974ರಲ್ಲಿ ಕೆನಡಾದ ಮೂಳೆ ವೈದ್ಯರಾದ ಕೆನಡಿ ಮತ್ತು ಹಾಕಿನ್ಸ್ 'ಸ್ವಿಮ್ಮರ್ಸ್ ಶೋಲ್ಡರ್' ಎಂದು ವಿವರಿಸಿದ ನೋವು ಹೀಗೆ ಹುಟ್ಟುವಂಥದ್ದೇ.

ಬಲಕ್ಕೆ ಉಸಿರು ತೆಗೆದರೆ ಎಡಭುಜ ಯಾಕೆ ನೋಯಬೇಕು ಅನ್ನುವುದು ಒಳ್ಳೆಯ ಪ್ರಶ್ನೆ. ಉಸಿರಿಗಾಗಿ ಬಾಯಿ ಬಲಕ್ಕೆ ತಿರುಗಿದಾಗ ಬಲಗೈ ನೀರಿನಿಂದ ಹೊರಗೆ ಬರುತ್ತಿರುತ್ತದೆ. ಎಡಗೈ ಮುಂದೆ ಚಾಚಿರುತ್ತದೆ. ಉಸಿರಿಗೆ ಅವಸರ ಇದ್ದವರು ತಲೆಯನ್ನು ತಿರುಗಿಸುವುದಿಲ್ಲ, ಮೇಲಕ್ಕೆ ಎತ್ತುತ್ತಾರೆ. ತಲೆ ಎದ್ದ ತಕ್ಷಣ ಸೊಂಟ, ಕಾಲು ಕೆಳಗೆ ಹೋಗುತ್ತವೆ. ಮುಳುಗದಿರಲು ಅವರು ಮುಂದಿನ ಎಡಗೈಯನ್ನು ನೀರಿನ ಮೇಲೆ ಊರಿಕೊಳ್ಳುತ್ತಾರೆ. ಮೊಣಕೈ ನೇರ, ಅಂಗೈ ಕೆಳಕ್ಕೆ, ಕೈ ನಿಧಾನವಾಗಿ ಮೂಗಿನ ಮುಂದೆ ಬಲಕ್ಕೆ ದಾಟುತ್ತದೆ. ಭುಜದ ಕೀಲಿನ ಮೇಲ್ಭಾಗದ ಮೂಳೆಯ ಅಡಿಯಲ್ಲಿ ಹಾದುಹೋಗುವ ಸ್ನಾಯುರಜ್ಜುವಿಗೆ ಇಷ್ಟು ಕೆಟ್ಟ ಭಂಗಿ ಬೇರೆ ಇಲ್ಲ. ಅಷ್ಟಕ್ಕೇ ಮುಗಿಯಲಿಲ್ಲ. ಯಾವಾಗಲೂ ಬಲಕ್ಕೇ ಹೊರಳುವವರು ಎಡಕ್ಕೆ ಹೊರಳುವುದು ಕಮ್ಮಿ. ಹಾಗಾಗಿ ಎಡಗೈ ನೀರಿನಿಂದ ಹೊರಬಂದು ಮುಂದೆ ಹೋಗುವುದಕ್ಕೂ ಜಾಗ ಸಾಲುವುದಿಲ್ಲ, ತೋಳು ಒಳಕ್ಕೆ ತಿರುಚಿಕೊಂಡೇ ಹೋಗುತ್ತದೆ. ಎಡಭುಜಕ್ಕೆ ಎರಡೂ ಕಡೆಯಿಂದ ಏಟು. ಎಲ್ಲರಿಗೂ ಹೀಗೇ ಆಗುತ್ತದೆ ಅಂತಲ್ಲ. ಪೂಲ್ ಪಕ್ಕದಲ್ಲಿ ನಿಂತು ಮುಂದಿನಿಂದ ಒಂದು ವಿಡಿಯೋ ತೆಗೆಯಿರಿ. ಉಸಿರು ತೆಗೆದುಕೊಳ್ಳುವಾಗ ಎಡ ಅಂಗೈ ಎಲ್ಲಿದೆ ನೋಡಿ. ಗೊತ್ತಾಗಿಬಿಡುತ್ತದೆ.

ಈಗ ಉಸಿರಿಗೂ ಭುಜಕ್ಕೂ ಇರುವ ಸಂಬಂಧ. ಬೆನ್ನಿನ ಎರಡೂ ಪಕ್ಕದಲ್ಲಿ ತ್ರಿಕೋನದಂತೆ ಕಾಣುವ ಹೆಗಲ ಮೂಳೆ ಪಕ್ಕೆಲುಬಿನ ಗೂಡಿನ ಮೇಲೆ ಕೂತಿದೆ. ಮುಂದುಗಡೆ ಕೊರಳೆಲುಬಿನ ಹತ್ತಿರ ಒಂದು ಚಿಕ್ಕ ಕೀಲು ಬಿಟ್ಟರೆ ಅದನ್ನು ಹಿಡಿದಿರುವುದೆಲ್ಲ ಸ್ನಾಯುಗಳೇ. ಚೌಕಟ್ಟು ವಾಲಿದ್ದರೆ ಬಾಗಿಲು ಎಷ್ಟು ಕೆತ್ತಿದರೂ ಸರಿಯಾಗಿ ಕೂರುವುದಿಲ್ಲ, ಅಲ್ವಾ? ಎದೆಗೂಡು ಇಲ್ಲಿ ಚೌಕಟ್ಟು. ಎದೆಯ ದೊಡ್ಡ ಸ್ನಾಯುವಿನ ಅಡಿಯಲ್ಲಿ ಪೆಕ್ಟೊರಾಲಿಸ್ ಮೈನರ್ ಅನ್ನುವ ಚಿಕ್ಕ ಸ್ನಾಯು ಇದೆ. ಒಂದು ತುದಿ 3, 4, 5ನೇ ಪಕ್ಕೆಲುಬುಗಳಿಗೆ, ಇನ್ನೊಂದು ತುದಿ ಹೆಗಲ ಮೂಳೆಯ ಮುಂಭಾಗಕ್ಕೆ. ಅದು ಬಿಗಿಯಾದರೆ ಭುಜವನ್ನು ಮುಂದಕ್ಕೂ ಕೆಳಕ್ಕೂ ಎಳೆಯುತ್ತದೆ. ಏದುಸಿರು ಬಂದಾಗ ಪಕ್ಕೆಲುಬು ಎತ್ತಲು ಓಡಿಬರುವ ಸ್ನಾಯುಗಳಲ್ಲೂ ಅದು ಒಂದು. ಕತ್ತಿನ ಪಕ್ಕದ ಸ್ನಾಯುಗಳೂ ಹಾಗೆಯೇ. ಅಂದರೆ ಉಸಿರನ್ನು ಎದೆಯ ಮೇಲ್ಭಾಗದಲ್ಲೇ ಎಳೆಯುವ ಮಗು ದಿನಕ್ಕೆ ಸಾವಿರಾರು ಸಲ ತನ್ನ ಭುಜವನ್ನು ತಾನೇ ಮುಂದಕ್ಕೆ ಎಳೆದುಕೊಳ್ಳುತ್ತಿದೆ. ಕತ್ತು ಮುಂದೆ ಚಾಚುವುದಕ್ಕೂ ಇದು ಒಂದು ಕಾರಣ. 'ಭುಜ ಹಿಂದೆ ಮಾಡು' ಅಂದರೆ ಒಂದು ನಿಮಿಷ ಮಾಡುತ್ತಾಳೆ. ಮುಂದಿನ ಸೆಟ್‌ನಲ್ಲಿ ಉಸಿರು ಅದನ್ನು ಮತ್ತೆ ಮುಂದೆ ತಂದಿರುತ್ತದೆ.

ಉಸಿರಾಟದ ಮುಖ್ಯ ಸ್ನಾಯು ವಪೆ, ಎದೆಗೂ ಹೊಟ್ಟೆಗೂ ನಡುವೆ ಇರುವ ಪರದೆ (ಡಯಾಫ್ರಮ್). ಅದು ಕೆಳಗಿನ ಪಕ್ಕೆಲುಬುಗಳಿಗೂ ಸೊಂಟದ ಮೇಲಿನ ಬೆನ್ನೆಲುಬಿಗೂ ಅಂಟಿಕೊಂಡಿದೆ. ಉಸಿರು ಪೂರ್ತಿ ಹೊರಗೆ ಹೋದಾಗ ವಪೆ ಮೇಲಕ್ಕೆ ಏರುತ್ತದೆ, ಪಕ್ಕೆಲುಬು ಕೆಳಗಿಳಿಯುತ್ತದೆ. ಆಗ ಮುಂದಿನ ಉಸಿರಿಗೆ ಅದು ಸಿದ್ಧ. ಅರ್ಧ ಉಸಿರು ಒಳಗೇ ಇಟ್ಟುಕೊಂಡವರ ವಪೆ ಕೆಳಗೇ ನಿಂತಿರುತ್ತದೆ. ಇನ್ನು ಎಳೆಯುವುದಕ್ಕೆ ಕತ್ತು ಮತ್ತು ಎದೆಯೇ ಗತಿ.

ನೀರಿನಲ್ಲಿ ಇದು ಇನ್ನೂ ಕಷ್ಟ. ಎದೆಯ ಮೇಲೆ ನೀರಿನ ಒತ್ತಡ ಇರುವುದರಿಂದ ಪ್ರತಿ ಉಸಿರಿಗೂ ನೆಲದ ಮೇಲಿಗಿಂತ ಜಾಸ್ತಿ ಬಲ ಬೇಕು. ಬಾಯಿ ನೀರಿನಿಂದ ಹೊರಗಿರುವ ಸಮಯ ರೇಸ್ ವೇಗದಲ್ಲಿ ಅರ್ಧ ಸೆಕೆಂಡೂ ಇಲ್ಲ. ಆ ಹೊತ್ತಿನಲ್ಲಿ ಉಸಿರು ಬಿಟ್ಟು, ಮತ್ತೆ ಎಳೆಯುವುದು ಆಗದ ಕೆಲಸ. ಬಿಡುವುದು ನೀರಿನೊಳಗೇ ಮುಗಿದಿರಬೇಕು. ಕೊನೆಯ 50 ಮೀಟರ್‌ನಲ್ಲಿ ನಿಮ್ಮ ಮಗಳು 'ಉಸಿರು ಸಾಲುವುದಿಲ್ಲ' ಅನ್ನುವಾಗ ಬಹಳಷ್ಟು ಸಲ ಸಾಲದಿರುವುದು ಗಾಳಿ ಅಲ್ಲ. ಒಳಗೆ ಹಳೇ ಗಾಳಿ ತುಂಬಿಕೊಂಡಿದೆ, ಅದರ ಜೊತೆ ಇಂಗಾಲದ ಡೈಆಕ್ಸೈಡ್ ಏರುತ್ತಿದೆ. ಉಸಿರಿಗಾಗಿ ಚಡಪಡಿಸುವಂತೆ ಮಾಡುವುದು ಮುಖ್ಯವಾಗಿ ಅದೇ. ಉಸಿರು ಎಳೆಯುವ ಸ್ನಾಯುಗಳೂ ಸುಸ್ತಾಗುತ್ತವೆ. 200 ಮೀಟರ್ ಫ್ರೀಸ್ಟೈಲನ್ನು ರೇಸ್ ವೇಗದಲ್ಲಿ ಈಜಿಸಿ ಅಳೆದಾಗ ಆ ಸ್ನಾಯುಗಳ ಬಲ ಇಳಿದಿರುವುದು ಕಂಡಿದೆ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 2024ರಲ್ಲಿ ನಮ್ಮ ಬೆಂಗಳೂರಿನ ಧಿನಿಧಿ ದೇಸಿಂಗು 14ನೇ ವಯಸ್ಸಿನಲ್ಲಿ ಈಜಿದ್ದೂ ಇದೇ 200 ಮೀಟರ್ ಫ್ರೀಸ್ಟೈಲ್. ಪೂರ್ತಿ ಓಟದ ವೇಗವೂ ಅಲ್ಲ, ಆರಾಮವಾಗಿ ಈಜುವ ದೂರವೂ ಅಲ್ಲ. ಉಸಿರಿನ ಮಟ್ಟಿಗೆ ನನ್ನ ಪ್ರಕಾರ ಫ್ರೀಸ್ಟೈಲ್‌ನಲ್ಲೇ ಕಷ್ಟದ ಸ್ಪರ್ಧೆ.

ಮನೆಯಲ್ಲಿ ನೋಡುವುದು ಹೀಗೆ. ಮಗಳು ಚಾಪೆಯ ಮೇಲೆ ಅಂಗಾತ ಮಲಗಲಿ, ಮಂಡಿ ಮಡಚಿರಲಿ. ಒಂದು ಕೈ ಕೊರಳಿನ ಕೆಳಗೆ ಎದೆಯ ಮೇಲೆ, ಇನ್ನೊಂದು ಕೈ ಪಕ್ಕದಲ್ಲಿ ಕೆಳಗಿನ ಪಕ್ಕೆಲುಬಿನ ಮೇಲೆ. ಏನೂ ಹೇಳಬೇಡಿ, ಸುಮ್ನೆ ನೋಡಿ. ಮೇಲಿನ ಕೈ ಮೊದಲು ಏಳುತ್ತಿದೆಯಾ? ಕತ್ತಿನ ಸ್ನಾಯುಗಳು ಎದ್ದು ಕಾಣುತ್ತವೆಯಾ? ಕೆಳಗಿನ ಪಕ್ಕೆಲುಬಿನ ಅಂಚು ಉಸಿರು ಬಿಟ್ಟ ಮೇಲೂ ಮೇಲಕ್ಕೇ ಚಾಚಿಕೊಂಡಿದೆಯಾ? ಹೌದಾದರೆ ನನ್ನ ಅನುಮಾನ ಸರಿ. ಆಮೇಲೆ ಅದೇ ಭಂಗಿಯಲ್ಲಿ ಎರಡೂ ಕೈಗಳನ್ನು ಸ್ಟ್ರೀಮ್‌ಲೈನ್‌ನಂತೆ ತಲೆಯ ಹಿಂದಕ್ಕೆ ಚಾಚಲಿ. ಕೈ ನೆಲ ಮುಟ್ಟುವಾಗ ಸೊಂಟ ಚಾಪೆಯಿಂದ ಮೇಲೆದ್ದರೆ ಕೈ ಭುಜದಿಂದ ಹೋಗುತ್ತಿಲ್ಲ, ಸೊಂಟ ಬಗ್ಗಿಸಿ ಹೋಗುತ್ತಿದೆ. ಪೂಲ್‌ನಲ್ಲಿ ತಿರುಗಿ ಗೋಡೆ ತಳ್ಳಿದಾಗಲೂ ಹಾಗೇ ಆಗುತ್ತಿರುತ್ತದೆ. ಹೊಟ್ಟೆ ಕೆಳಗೆ ಜೋತು ನೀರು ತಡೆಯುತ್ತದೆ, ಟರ್ನ್‌ನಲ್ಲಿ ಗಳಿಸಿದ ವೇಗ ಅಲ್ಲೇ ಹೋಗುತ್ತದೆ.

ಇನ್ನು ಮಾಡಬೇಕಾದ್ದು. ನಾನು ಮೊದಲು ಕೊಡುವ ಅಭ್ಯಾಸ ನೋಡುವುದಕ್ಕೆ ತೀರಾ ಸಾದಾ, ಮಕ್ಕಳಿಗೆ ಬೇಜಾರು ಬರುತ್ತದೆ. ಆದರೂ ಬಿಡಬೇಡಿ. ಗೋಡೆಗೆ ಪಾದ ಇಟ್ಟು ಅಂಗಾತ ಮಲಗುವುದು, ಸೊಂಟ ಮತ್ತು ಮಂಡಿ ಲಂಬಕೋನದಲ್ಲಿ. ಮೂಗಿನಿಂದ ನಿಧಾನವಾಗಿ ಉಸಿರು ಎಳೆದು, ತುಟಿ ಚೂಪು ಮಾಡಿ 6ರಿಂದ 8 ಸೆಕೆಂಡ್ ಹೊರಗೆ ಬಿಡಬೇಕು. ಕೊನೆಗೆ ಹೊಟ್ಟೆಯ ಪಕ್ಕದ ಸ್ನಾಯುಗಳು ತಾವಾಗಿ ಬಿಗಿಯಾಗುತ್ತವೆ, ಪಕ್ಕೆಲುಬು ಕೆಳಗಿಳಿಯುತ್ತದೆ. ಅಲ್ಲಿ 2 ಸೆಕೆಂಡ್ ನಿಂತು, ಆ ಪಕ್ಕೆಲುಬನ್ನು ಮೇಲೆ ಹಾರಲು ಬಿಡದೆ ಮುಂದಿನ ಉಸಿರು ತೆಗೆದುಕೊಳ್ಳಬೇಕು. ಗಾಳಿ ಪಕ್ಕಕ್ಕೂ ಬೆನ್ನಿಗೂ ಹೋಗಬೇಕು. ಐದು ಉಸಿರು, ಸ್ವಲ್ಪ ವಿರಾಮ, ಮತ್ತೆ ಐದು. ಬೆಳಿಗ್ಗೆ ಪೂಲ್‌ಗೆ ಇಳಿಯುವ ಮೊದಲು ಒಮ್ಮೆ, ರಾತ್ರಿ ಮಲಗುವ ಮೊದಲು ಒಮ್ಮೆ. ರಾತ್ರಿಯದ್ದು ನಿದ್ದೆಗೂ ಒಳ್ಳೆಯದು.

ಇದು ಬಂದ ಮೇಲೆ ಭುಜದ ಕೆಲಸ. ಮುಂಗೈ ಎರಡನ್ನೂ ಗೋಡೆಗೆ ಒತ್ತಿ ಮೇಲಕ್ಕೆ ಜಾರಿಸುವುದು, ಮೇಲೆ ಹೋದಾಗ ಉಸಿರು ಪೂರ್ತಿ ಬಿಡುವುದು. ಸೆರೇಟಸ್ ಅನ್ನುವ ಸ್ನಾಯು ಪಕ್ಕೆಲುಬಿನಿಂದ ಹೊರಟು ಹೆಗಲ ಮೂಳೆಯ ಒಳ ಅಂಚಿಗೆ ಅಂಟಿದೆ. ಪ್ರತಿ ಸ್ಟ್ರೋಕಿನಲ್ಲೂ ಹೆಗಲ ಮೂಳೆಯನ್ನು ಮೇಲಕ್ಕೆ ತಿರುಗಿಸಿ ಭುಜಕ್ಕೆ ಜಾಗ ಮಾಡಿಕೊಡುವುದು ಅದೇ, ಮತ್ತು ಈಜುಗಾರರಲ್ಲಿ ಮೊದಲು ಸುಸ್ತಾಗುವವರ ಸಾಲಿನಲ್ಲಿ ಅದೂ ಇದೆ. ಬೋರಲು ಮಲಗಿ ಎರಡೂ ಕೈಗಳನ್ನು ಓರೆಯಾಗಿ ಮುಂದೆ ಚಾಚಿ, ಹೆಬ್ಬೆರಳು ಮೇಲೆ ಮಾಡಿ ಎತ್ತುವುದು ಇನ್ನೊಂದು. ಪಕ್ಕಕ್ಕೆ ಮಲಗಿ ಮೇಲಿನ ಕೈಯನ್ನು ಹಿಂದಕ್ಕೆ ತೆರೆದು ಎದೆಯನ್ನು ತಿರುಗಿಸುವುದು ಮೂರನೆಯದು, ಎಡಗಡೆಗೆ ಸ್ವಲ್ಪ ಜಾಸ್ತಿ. ಇಷ್ಟು ಸಾಕು.

ಒಂದನ್ನು ಮಾತ್ರ ಮಾಡಿಸಲೇಬೇಡಿ. ಪೂಲ್ ಪಕ್ಕದಲ್ಲಿ ಒಬ್ಬರು ಕೂತು, ಇನ್ನೊಬ್ಬರು ಹಿಂದಿನಿಂದ ಎರಡೂ ಕೈ ಹಿಡಿದು ಎಳೆಯುವ ಸ್ಟ್ರೆಚ್ ಇದೆಯಲ್ಲ, ಅದು. ಈಜುಗಾರರ ಭುಜದ ಕೀಲು ಮೊದಲೇ ಸಡಿಲ. ಆ ಎಳೆತಕ್ಕೆ ಎದೆಯ ಸ್ನಾಯು ಬಿಡುವುದಕ್ಕಿಂತ ಮೊದಲು ಕೀಲಿನ ಮುಂಭಾಗ ಸಡಿಲವಾಗುತ್ತದೆ. ಇದನ್ನು ಇನ್ನೂ ಎಷ್ಟೋ ಕಡೆ ಮಾಡಿಸುತ್ತಾರೆ, ನೋಡಿದಾಗಲೆಲ್ಲ ಸಂಕಟವಾಗುತ್ತದೆ.

ನೀರಿನಲ್ಲಿ ಮೊದಲ ಪಾಠ ಗುಳ್ಳೆ. ಮುಖ ನೀರಿಗೆ ಹೋದ ಕ್ಷಣದಿಂದ ಮೂಗು, ಬಾಯಿಯಿಂದ ಗುಳ್ಳೆ ಬರುತ್ತಲೇ ಇರಬೇಕು, ಬಾಯಿ ಹೊರಬರುವ ಮುಂಚೆ ಕೊನೆಯ ಪಾಲು ಜೋರಾಗಿ. ಉಸಿರು ಕಟ್ಟಿ ಕೊನೆಗೆ ಒಮ್ಮೆಲೇ ಊದುವುದಲ್ಲ. ಅಭ್ಯಾಸಕ್ಕೆ ನೀರಿನೊಳಗೆ ಗುಂಯ್ ಎಂದು ದನಿ ಮಾಡುತ್ತಾ ಈಜಲಿ. ದನಿ ನಿಂತರೆ ಉಸಿರು ಕಟ್ಟಿದ್ದಾಳೆ ಅಂತ ಅವಳಿಗೇ ಗೊತ್ತಾಗುತ್ತದೆ. ಎರಡನೆಯದು ತಲೆ. ಉಸಿರು ತೆಗೆದುಕೊಳ್ಳುವಾಗ ಒಂದು ಗಾಗಲ್ ನೀರಿನಲ್ಲೇ ಇರಬೇಕು. ವೇಗವಾಗಿ ಈಜುವಾಗ ತಲೆಯ ಮುಂದೆ ಅಲೆ ಎದ್ದು ಕೆನ್ನೆಯ ಪಕ್ಕದಲ್ಲಿ ನೀರಿನ ಮಟ್ಟ ತಗ್ಗುತ್ತದೆ. ಬಾಯಿಗೆ ಅಲ್ಲಿ ಗಾಳಿ ಸಿಗುತ್ತದೆ, ತಲೆ ಎತ್ತಬೇಕಾಗಿಲ್ಲ. ಮೈ ಹೊರಳುವುದರ ಜೊತೆಗೇ ತಲೆ ತಿರುಗಬೇಕು, ಬಲಗೈ ಮತ್ತೆ ನೀರಿಗೆ ಬೀಳುವ ಮೊದಲು ಮುಖ ಒಳಗಿರಬೇಕು.

ಎರಡೂ ಕಡೆ ಉಸಿರು ತೆಗೆಯಲೇಬೇಕಾ ಎಂದು ಕೋಚ್‌ಗಳಲ್ಲೇ ವಾದ ಇದೆ. ನನ್ನ ನಿಲುವು ಇಷ್ಟು. ಅಭ್ಯಾಸದಲ್ಲಿ ಬೇಕು, ರೇಸ್‌ನಲ್ಲಿ ಬೇಕಾಗಿಲ್ಲ. 200, 400ರಲ್ಲಿ ದೊಡ್ಡ ಈಜುಗಾರರಲ್ಲಿ ಹೆಚ್ಚಿನವರು ಎರಡು ಸ್ಟ್ರೋಕಿಗೊಮ್ಮೆ ಒಂದೇ ಕಡೆ ಉಸಿರು ತೆಗೆದುಕೊಳ್ಳುತ್ತಾರೆ, ಯಾಕೆಂದರೆ ಅವರಿಗೆ ಆಮ್ಲಜನಕ ಬೇಕು. ಆದರೆ ವಾರ್ಮಪ್, ನಿಧಾನದ ಸೆಟ್‌ಗಳಲ್ಲಿ ಒಂದು ಲ್ಯಾಪ್ ಬಲಕ್ಕೆ, ಒಂದು ಲ್ಯಾಪ್ ಎಡಕ್ಕೆ ಮಾಡಿದರೆ ಭುಜದ ಮೇಲಿನ ಭಾರ ಹಂಚಿಹೋಗುತ್ತದೆ. ಎಡಕ್ಕೆ ಮಾಡುವಾಗ ಮೊದಲ ಕೆಲವು ದಿನ ನೀರು ಕುಡಿಯುತ್ತಾಳೆ. ಪರವಾಗಿಲ್ಲ.

ಪ್ರಾಣಾಯಾಮದ ಬಗ್ಗೆ ಗಮನವಿಟ್ಟು ಓದಿ. ನಾಡಿಶೋಧನ, ಭ್ರಾಮರಿಯಂಥ ನಿಧಾನದ ಅಭ್ಯಾಸಗಳು ಒಳ್ಳೆಯವು. ಶ್ವಾಸಕೋಶ ಅದರಿಂದ ದೊಡ್ಡದಾಗುವುದಿಲ್ಲ, ಆದರೆ ಉದ್ದವಾಗಿ ಉಸಿರು ಬಿಡುವುದು ರೂಢಿಯಾಗುತ್ತದೆ. ಅವಳಿಗೆ ಬೇಕಾದದ್ದು ಅದೇ. ಆದರೆ ಕಪಾಲಭಾತಿ, ಭಸ್ತ್ರಿಕ ಮಾಡಿ ನೀರಿಗೆ ಇಳಿಯಬಾರದು. ಜೋರಾಗಿ, ವೇಗವಾಗಿ ಉಸಿರಾಡಿದಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ತೀರಾ ಇಳಿಯುತ್ತದೆ, ಆಮ್ಲಜನಕ ಮಾತ್ರ ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ. ಆಮೇಲೆ ನೀರಿನೊಳಗೆ ಉಸಿರು ಕಟ್ಟಿ ಈಜಿದರೆ 'ಉಸಿರು ಬೇಕು' ಅನ್ನುವ ಎಚ್ಚರಿಕೆ ತಡವಾಗುತ್ತದೆ. ಅಷ್ಟರಲ್ಲಿ ಆಮ್ಲಜನಕ ಇಳಿದು ಪ್ರಜ್ಞೆ ತಪ್ಪುತ್ತದೆ. ಕೂಗಾಟ ಇಲ್ಲ, ಕೈಕಾಲು ಬಡಿಯುವುದಿಲ್ಲ. ಎದೆಮಟ್ಟದ ನೀರಿನಲ್ಲಿ, ಚೆನ್ನಾಗಿ ಈಜು ಬಲ್ಲವರೇ ಹೀಗೆ ಸತ್ತಿದ್ದಾರೆ. ಯಾರು ಉದ್ದ ಹೋಗುತ್ತಾರೆ ನೋಡೋಣ ಎಂದು ಮಕ್ಕಳು ಪಂದ್ಯ ಕಟ್ಟುವುದನ್ನು ಪೂರ್ತಿ ನಿಲ್ಲಿಸಬೇಕು. ಸ್ಟಾರ್ಟ್ ಮತ್ತು ಟರ್ನ್ ಆದ ಮೇಲೆ 15 ಮೀಟರ್‌ವರೆಗೆ ನೀರಿನೊಳಗೆ ಇರಲು ನಿಯಮ ಬಿಡುತ್ತದೆ, ಆ ಅಭ್ಯಾಸ ಬೇಕೇ ಬೇಕು. ಅದು ಕೋಚ್ ಕಣ್ಣೆದುರು, ಸಾಕಷ್ಟು ವಿಶ್ರಾಂತಿ ಕೊಟ್ಟು ನಡೆಯಲಿ. 5, 7, 9 ಸ್ಟ್ರೋಕಿಗೊಮ್ಮೆ ಉಸಿರು ತೆಗೆಯುವ ಸೆಟ್‌ಗಳನ್ನು ಈ ಎರಡು ತಿಂಗಳು ಬಿಟ್ಟರೆ ಅವಳಿಗೆ ಯಾವ ನಷ್ಟವೂ ಇಲ್ಲ. ಮೆಡಿಕಲ್ ಶಾಪ್‌ನಲ್ಲಿ ಸಿಗುವ ಮೂರು ಚೆಂಡಿನ ಸ್ಪೈರೋಮೀಟರ್ ಆಪರೇಷನ್ ಆದವರಿಗೆ. ಈಜುಗಾರರಿಗೆ ಅದರಿಂದ ವ್ಯಾಯಾಮ ಆಗುವುದಿಲ್ಲ.

ಕೆಲವು ಸಂದರ್ಭದಲ್ಲಿ ನನ್ನ ಸಲಹೆ ಬದಿಗಿಟ್ಟು ವೈದ್ಯರ ಹತ್ತಿರ ಹೋಗಿ. ಈಜಿದ ಮೇಲೆ ಕೆಮ್ಮು, ಎದೆಯಲ್ಲಿ ಸುಂಯ್ ಸದ್ದು ಬಂದರೆ ಆಸ್ತಮಾ ಪರೀಕ್ಷೆ ಮಾಡಿಸಿ. ದೊಡ್ಡ ಮಟ್ಟದ ಈಜುಗಾರರಲ್ಲಿ ಇದು ಸಾಮಾನ್ಯ. ಕ್ಲೋರಿನ್ ಬೆವರು, ಮೂತ್ರದ ಜೊತೆ ಸೇರಿ ಆಗುವ ಅನಿಲ ನೀರಿನ ಮೇಲ್ಮೈಯಲ್ಲೇ ನಿಲ್ಲುತ್ತದೆ, ಮುಚ್ಚಿದ ಪೂಲ್‌ಗಳಲ್ಲಿ ಇನ್ನೂ ಜಾಸ್ತಿ. ಔಷಧ ಬೇಕಾದರೆ ಅವಳು ಸ್ಪರ್ಧಿಸುವವಳು ಎಂದು ವೈದ್ಯರಿಗೆ ಹೇಳಿ. ಸಾಲ್ಬುಟಮಾಲ್ ಇನ್ಹೇಲರ್‌ಗೆ ಡೋಪಿಂಗ್ ನಿಯಮದಲ್ಲಿ ಮಿತಿಯೊಳಗೆ ಅವಕಾಶ ಇದೆ. ಅದೇ ಔಷಧ ಮಾತ್ರೆ, ಸಿರಪ್ ರೂಪದಲ್ಲಿ ನಿಷಿದ್ಧ. ನಮ್ಮಲ್ಲಿ ಸಲೀಸಾಗಿ ಸಿಗುವ ಎಷ್ಟೋ ಕೆಮ್ಮಿನ ಸಿರಪ್‌ಗಳಲ್ಲಿ ಟರ್ಬುಟಲಿನ್ ಇರುತ್ತದೆ, ಅದೂ ನಿಷಿದ್ಧ. ಬಾಟಲಿಯ ಮೇಲಿನ ಅಕ್ಷರ ಓದದೆ ಕೊಡಬೇಡಿ.

ಬೆನ್ನನ್ನೂ ಒಮ್ಮೆ ನೋಡಿ. ಕಾಲು ಜೋಡಿಸಿ ಮುಂದಕ್ಕೆ ಬಗ್ಗಿದಾಗ ಒಂದು ಪಕ್ಕದ ಪಕ್ಕೆಲುಬು ಎತ್ತರ ಕಂಡರೆ ಬೆನ್ನೆಲುಬು ಪಕ್ಕಕ್ಕೆ ವಾಲಿರಬಹುದು. ಈ ವಯಸ್ಸಿನ ಹುಡುಗಿಯರಲ್ಲಿ ಅದನ್ನು ಬೇಗ ಕಂಡುಹಿಡಿಯುವುದು ಮುಖ್ಯ. ಬೋರಲು ಮಲಗಿ ಎದೆ ಎತ್ತಿದಾಗ ಗೂನು ಮಾಯವಾದರೆ ಅದು ರೂಢಿ, ಮಾಯವಾಗದೆ ಗಟ್ಟಿಯಾಗಿ ಉಳಿದರೆ ಎಕ್ಸ್‌ರೇ ಬೇಕು. ರಾತ್ರಿ ನಿದ್ದೆ ಕೆಡಿಸುವ ನೋವು, ಬೆರಳಿನವರೆಗೆ ಜುಮ್ಮೆನ್ನುವುದು, ಕತ್ತಿನಿಂದ ತೋಳಿಗೆ ಇಳಿಯುವ ನೋವು ಇದ್ದರೆ ಒಂದು ದಿನವೂ ಕಾಯಬೇಡಿ. ಬೆಂಗಳೂರಿನಲ್ಲಿ ಅಭ್ಯಾಸ ಮಾಡಿದ ಸಾಜನ್ ಪ್ರಕಾಶ್ ಕತ್ತಿನ ಡಿಸ್ಕ್ ತೊಂದರೆಯಿಂದ ತಿಂಗಳುಗಟ್ಟಲೆ ನೀರಿನಿಂದ ದೂರ ಇರಬೇಕಾಯಿತು. 2021ರ ಜೂನ್‌ನಲ್ಲಿ ರೋಮ್‌ನಲ್ಲಿ 200 ಮೀಟರ್ ಬಟರ್‌ಫ್ಲೈಯನ್ನು 1 ನಿಮಿಷ 56.38 ಸೆಕೆಂಡಿನಲ್ಲಿ ಮುಗಿಸಿ, ಒಲಿಂಪಿಕ್ಸ್‌ನ ನೇರ ಅರ್ಹತಾ ಸಮಯ ಗಳಿಸಿದ ಮೊದಲ ಭಾರತೀಯ ಈಜುಗಾರರಾದರು. ವಿಶ್ರಾಂತಿ ತೆಗೆದುಕೊಂಡರೆ ಎಲ್ಲ ಮುಗಿಯಿತು ಅನ್ನುವ ಹೆದರಿಕೆ ಬೇಡ.

ಮುಂದಿನ ಎರಡು ವಾರ ಹ್ಯಾಂಡ್ ಪ್ಯಾಡಲ್ (ಅಂಗೈಗೆ ಕಟ್ಟಿಕೊಳ್ಳುವ ಹಲಗೆ) ಬೇಡ. ಕಿಕ್‌ಬೋರ್ಡ್ ಹಿಡಿದು ಕೈ ಮುಂದೆ ಚಾಚಿ ಕಿಕ್ ಮಾಡುವುದೂ ಬೇಡ, ಕೈ ಪಕ್ಕದಲ್ಲಿಟ್ಟು ಅಂಗಾತ ಕಿಕ್ ಮಾಡಲಿ. ದೂರವನ್ನು ಕೋಚ್ ಜೊತೆ ಮಾತಾಡಿ ಕಾಲುಭಾಗ ಇಳಿಸಿ. ನೋವು ಮರುದಿನ ಬೆಳಿಗ್ಗೆವರೆಗೆ ಉಳಿಯದಿದ್ದರೆ ಮೆಲ್ಲಗೆ ಹಿಂದಿನ ಮಟ್ಟಕ್ಕೆ ಬನ್ನಿ. ಉಳಿದರೆ ಭುಜವನ್ನು ಮುಟ್ಟಿ ನೋಡಬಲ್ಲ ಫಿಸಿಯೋ ಹತ್ತಿರ ಹೋಗಿ.

ಮೀಟ್‌ನಲ್ಲಿ ಬಲಕ್ಕೇ ಉಸಿರು ತೆಗೆದುಕೊಳ್ಳಲಿ, ಈಗ ಬದಲಿಸುವ ಹೊತ್ತಲ್ಲ. ರೇಸ್‌ಗೆ ಹಾರುವ ಕಟ್ಟೆಯ (ಬ್ಲಾಕ್) ಹಿಂದೆ ನಿಂತಾಗ ದೊಡ್ಡ ದೊಡ್ಡ ಉಸಿರು ಎಳೆಯುವುದು ಬೇಡ. ಒಂದೆರಡು ಸಲ ಉದ್ದವಾಗಿ ಹೊರಗೆ ಬಿಟ್ಟು, ಸಾಧಾರಣ ಉಸಿರು ತೆಗೆದುಕೊಂಡು ಹತ್ತಲಿ. 200ರ ಮೊದಲ 50 ಮೀಟರ್‌ನಲ್ಲಿ ಮೈ ಹಗುರ ಅನಿಸುತ್ತದೆ, ಉಸಿರೇ ಬೇಡ ಅನಿಸುತ್ತದೆ. ಅಲ್ಲಿ ಬಿಟ್ಟ ಉಸಿರಿನ ಸಾಲ ಕೊನೆಯ 50ರಲ್ಲಿ ತೀರಿಸಬೇಕಾಗುತ್ತದೆ. ಹಾಗಾಗಿ ನೀರಿನ ಮೇಲೆ ಬಂದ ಎರಡನೇ ಸ್ಟ್ರೋಕಿನಿಂದಲೇ ಎರಡಕ್ಕೊಂದರಂತೆ ಉಸಿರು ಶುರುವಾಗಲಿ.